ನಾಲ್ಕು ಮೈಕ್ರಾನ್ ಕಡಿಮೆ

ನವೆಂಬರ್ 3, 2025, ಸೋಮವಾರ

ಇಂದಿನಿಂದ ಎಲ್ಲವನ್ನೂ ಬರೆದಿಡುತ್ತೇನೆ. ನಾಳೆ ನಮ್ಮ ಮಾಲೀಕ ನಾಗರಾಜು ಸಾರ್ ಎದುರಿಗೆ ನಿಲ್ಲಿಸಿಕೊಂಡು "ಜ್ಯೋತಿಲಕ್ಷ್ಮಿ, ಸಾಕ್ಷಿ ಏನಿದೆ" ಎಂದು ಕೇಳಿದರೆ ಬೆಬ್ಬೆಬ್ಬೆ ಅನ್ನುವ ಹಾಗಾಗಬಾರದು. ಈ ಪುಸ್ತಕವನ್ನು ಮನೆಯಲ್ಲಿ ಯಾರಿಗೂ ತೋರಿಸುವುದಿಲ್ಲ. ಅಕ್ಕಿ ಡಬ್ಬದ ಹಿಂದೆ ಇಡುತ್ತೇನೆ.

ನಡೆಯುತ್ತಿರುವುದು ಇಷ್ಟು. ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿನಲ್ಲಿ ಶ್ರೀಶೈಲ ಗ್ರೈಂಡಿಂಗ್ ಮಾಡಿ ಕಳಿಸುವ ಸ್ಲೀವುಗಳು, ಅಂದರೆ ಅರವತ್ತು ಮಿಲಿಮೀಟರಿನ ಉಕ್ಕಿನ ಕೊಳವೆಗಳು, ನನ್ನ ಮೇಜಿಗೆ ಬರುತ್ತವೆ. ನಾನು ಕುದುರೆ ಲಾಳದಂಥ ಮೈಕ್ರೋಮೀಟರಿನ ಬಾಯಲ್ಲಿ ಹಿಡಿದು ಅಳೆದು ಪಾಸು ಮಾಡಿದರೆ ಮಾತ್ರ ಹೊರಗೆ ಹೋಗುತ್ತವೆ. ಹತ್ತು ದಿನದಿಂದ ಬೆಳಗಿನ ಸ್ಲೀವುಗಳು ಸರಿ ಇರುತ್ತವೆ, ಮಧ್ಯಾಹ್ನದ ಮೇಲಿನವು ನಾಲ್ಕು ಮೈಕ್ರಾನ್ ಕಡಿಮೆ. ಅವನ ಮೈಕ್ರೋಮೀಟರಿನಲ್ಲಿ ಅದೇ ಸ್ಲೀವು ಸರಿಯಾಗಿ ತೋರಿಸುತ್ತದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ನನ್ನದಂತೂ ಅಲ್ಲ. ದಿನಾ ಬೆಳಗ್ಗೆ ಅಳತೆ ಗೊತ್ತಿರುವ ಮಾಸ್ಟರ್ ಕಡ್ಡಿ ಇಟ್ಟು ಸೊನ್ನೆ ನೋಡಿಯೇ ನಾನು ಕೆಲಸ ಶುರು ಮಾಡುವುದು.

ಹದಿನಾರು ವರ್ಷದಿಂದ ಆ ಮೇಜಿನಲ್ಲಿ ಕೂತಿದ್ದೇನೆ. ಮೊದಲ ದಿನ ಬೈರಯ್ಯ ಮೇಸ್ತ್ರಿ ನನ್ನ ಜಡೆಯಿಂದಲೇ ಒಂದು ಕೂದಲು ಕೀಳಿಸಿ, ಅಳೆಯಿಸಿ, "ಎಪ್ಪತ್ತು ಮೈಕ್ರಾನು. ಇದನ್ನ ಎಪ್ಪತ್ತಾಗಿ ಸೀಳಿದ್ರೆ ಒಂದು ಬರುತ್ತಲ್ಲ, ಅದು ನಿನ್ನ ಕೆಲಸ ಕಣಮ್ಮ" ಅಂದಿದ್ದರು. ಅಂಥವರ ಕೈಕೆಳಗೆ ಕಲಿತ ಕೈ ಇದು.

ನವೆಂಬರ್ 6, ಗುರುವಾರ

ಇವತ್ತು ಒಂದು ವಿಷಯ ಪಕ್ಕಾ ಆಯಿತು. ಸಂಜೆ ಐದಕ್ಕೆ ಮಾಸ್ಟರ್ ಕಡ್ಡಿ ಇಟ್ಟು ನೋಡಿದೆ. ಬೆಳಗ್ಗೆ ಸೊನ್ನೆ ತೋರಿಸಿದ್ದ ನನ್ನ ಮೈಕ್ರೋಮೀಟರು ಈಗ ನಾಲ್ಕು ಕಡಿಮೆ ತೋರಿಸುತ್ತಿದೆ. ಅಂದರೆ ನಡುವೆ ಯಾರೋ ಅದಕ್ಕೆ ಕೈ ಹಾಕಿದ್ದಾರೆ. ನಾನು ಜಾಗ ಬಿಟ್ಟು ಏಳುವುದು ಊಟಕ್ಕೆ ಮಾತ್ರ.

ಮನೆಗೆ ಬಂದರೆ ಅಲ್ಲೂ ನೆಮ್ಮದಿಯಿಲ್ಲ. ಅತ್ತೆ ಫ್ಯಾನು ನಿಲ್ಲಿಸಿ ಕಂಬಳಿ ಹೊದ್ದು ಕೂತಿದ್ದರು. ನವೆಂಬರಿನಲ್ಲಿ ಯಾರಿಗಾದರೂ ಚಳಿ ಆಗುತ್ತದೆಯೇ? ನಾನು ಐದಕ್ಕೆ ಹಾಕಿದೆ, ಅವರು ಎರಡಕ್ಕೆ ಇಳಿಸಿದರು. ವಯಸ್ಸಾದವರು, ಹೆಚ್ಚು ಮಾತಾಡಬಾರದು ಅಂತ ಬಾಗಿಲಲ್ಲಿ ಹೋಗಿ ನಿಂತೆ.

ನವೆಂಬರ್ 11, ಮಂಗಳವಾರ

ಉಪಾಯ ಸಿಕ್ಕಿದೆ. ನಿನ್ನೆಯಿಂದ ಮೈಕ್ರೋಮೀಟರನ್ನು ಮೇಜಿನ ಮೇಲೆ ಬಿಡುವುದೇ ಇಲ್ಲ. ಕೈಯಲ್ಲೇ ಇರುತ್ತದೆ. ಊಟಕ್ಕೂ ತೆಗೆದುಕೊಂಡು ಹೋಗಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಅದರ ಹಿಡಿಯ ಕಪ್ಪು ಪ್ಲಾಸ್ಟಿಕ್ ಪಟ್ಟಿ ಕಿತ್ತುಹೋಗಿ ಎರಡು ವರ್ಷ ಆಯಿತು, ಹೊಸದು ಹಾಕಿಸಿಕೊಟ್ಟವರಿಲ್ಲ. ಬರೀ ಕಬ್ಬಿಣ ಅಂಗೈಗೆ ಒತ್ತುತ್ತದೆ, ಒತ್ತಲಿ. "ಅದನ್ನ ಮಗು ಥರ ಎತ್ಕೊಂಡು ತಿರುಗಬೇಡ" ಎಂದು ಬೈರಯ್ಯ ಮೇಸ್ತ್ರಿ ಹೊಸಬರಿಗೆಲ್ಲ ಬೈಯುತ್ತಿದ್ದರು. ಅವರು ಕಣ್ಣು ಮುಚ್ಚಿ ಐದು ವರ್ಷವಾಯಿತು. ಅವರ ಕಾಲದಲ್ಲಿ ವರ್ಕ್‌ಶಾಪಿನಲ್ಲಿ ಕಳ್ಳರೂ ಇರಲಿಲ್ಲ.

ಆದರೂ ಇವತ್ತು ಐದು ಕಡಿಮೆ ಬಂತು. ಕೈಯಲ್ಲಿ ಇಟ್ಟುಕೊಂಡಿದ್ದರೂ ಐದು ಕಡಿಮೆ. ಶ್ರೀಶೈಲ ಇದನ್ನು ಹೇಗೆ ಮಾಡುತ್ತಾನೆ?

ಇನ್ನೊಂದು ವಿಷಯ. ಶ್ರೀಶೈಲ ಬಂದು ಟ್ರೇ ಇಡುವಾಗ ನನ್ನ ಮುಖ ನೋಡುವುದಿಲ್ಲ, ನನ್ನ ಕೈಯನ್ನು ನೋಡುತ್ತಾನೆ. ಸುಮ್ಮನೆ ಅಲ್ಲ, ನಿಂತು ನೋಡುತ್ತಾನೆ. ಕೈಯಲ್ಲಿರುವ ಮೈಕ್ರೋಮೀಟರನ್ನು ನಾನು ಯಾವಾಗ ಕೆಳಗಿಡುತ್ತೇನೆ ಎಂದು ಕಾಯುತ್ತಿರಬೇಕು.

ನವೆಂಬರ್ 14, ಶುಕ್ರವಾರ

ಬೆಳಗ್ಗೆ ಮಾಸ್ಟರ್ ಇಟ್ಟು ನೋಡಿದರೆ ಸೊನ್ನೆ. ನಿನ್ನೆ ಸಂಜೆ ಐದು ಕಡಿಮೆ ಇದ್ದದ್ದನ್ನು ಸಾಕ್ಷಿ ಇರಲಿ ಎಂದು ಸರಿ ಮಾಡದೆ ಬೀರುವಿನಲ್ಲಿಟ್ಟು ಬಂದಿದ್ದೆ. ತಾನಾಗಿ ಸರಿ ಹೋಗಲು ಅದೇನು ನೆಗಡಿಯೇ? ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವನು ಶ್ರೀಶೈಲ. ಬೀಗದ ಕೈ ಅವನ ಹತ್ತಿರ ಇರುತ್ತದೆ. ಇನ್ನೇನು ಬೇಕು?

ಯಾಕೆ ಅನ್ನುವುದೂ ಈಗ ಗೊತ್ತಾಗಿದೆ. ಸಾರ್ ಅವರ ತಂಗಿಯ ಮಗಳು ಕವನಾ ಡಿಪ್ಲೊಮಾ ಮುಗಿಸಿ ಕಳೆದ ತಿಂಗಳಿಂದ ಕಲಿಯಲು ಬರುತ್ತಿದ್ದಾಳೆ. ಶ್ರೀಶೈಲ ಅವಳಿಗೆ ನಗುನಗುತ್ತಾ ಮಷೀನು ತೋರಿಸುತ್ತಾನೆ. ಜ್ಯೋತಿಲಕ್ಷ್ಮಿಗೆ ಕಣ್ಣು ಕೈ ಹೋಯಿತು ಎಂದು ಸಾಬೀತಾದರೆ ನನ್ನ ಮೇಜು ಅವಳಿಗೆ. ಇವನಿಗೆ ಸಾರ್ ಹತ್ತಿರ ಒಳ್ಳೆಯ ಹೆಸರು. ಎಷ್ಟು ಸಲೀಸಾದ ಲೆಕ್ಕಾಚಾರ.

ಯೋಚಿಸುತ್ತಿದ್ದರೆ ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಬಸ್ಸು ಇಳಿದು ಹೆಗ್ಗನಹಳ್ಳಿಯ ನಮ್ಮ ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ತೊಡೆ ಸೋತು ಎರಡು ಸಲ ಕೂತೆ. ಸಿಟ್ಟು ಮನುಷ್ಯರನ್ನು ಹೀಗೆ ಹಿಂಡುತ್ತದೆ.

ನವೆಂಬರ್ 19, ಬುಧವಾರ

ರವಿಕೆ ಸಡಿಲವಾಗಿದೆ. ಅದೇ ಟೈಲರು, ಅದೇ ಅಳತೆ, ಈ ಸಲ ಅವನು ಒಂದು ಇಂಚು ಹೆಚ್ಚಿಗೆ ಬಿಟ್ಟಿದ್ದಾನೆ. ಹೋಗಿ ಕೇಳಿದರೆ "ನೀವೇ ಇಳಿದೋಗಿದೀರ ಆಂಟಿ" ಎಂದು ಹಲ್ಲು ಕಿರಿಯುತ್ತಾನೆ. ರಾತ್ರಿ ಮೂರು ಮುದ್ದೆ ತಿನ್ನುವವಳು ಇಳಿದು ಹೋಗುವುದು ಹೇಗೆ? ಮೂರು ತಿಂದರೂ ಮತ್ತೆ ಹಸಿವು. ಅತ್ತೆ ಮುದ್ದೆಯನ್ನು ಚಿಕ್ಕದು ಮಾಡುತ್ತಿದ್ದಾರೋ ಏನೋ, ನಾಳೆಯಿಂದ ನಾನೇ ಕಟ್ಟಬೇಕು.

ಮಗಳು ರಾಗಿಣಿ ಎರಡನೇ ಪಿಯುಸಿ. ಅವಳ ಅಪ್ಪ ಹೋದ ಮೇಲೆ ಅವಳ ಓದೊಂದೇ ನಾನು ಹಿಡಿದುಕೊಂಡಿರುವುದು. ಪರೀಕ್ಷೆಗೆ ಜೋರಾಗಿ ಓದಿಕೊಳ್ಳುತ್ತಿದ್ದಳು. ಮೈಯೊಳಗೆ ಸುದ್ದಿ ಹೋಗುವುದಕ್ಕೆ ಎರಡು ದಾರಿಯಂತೆ. ನರದ ದಾರಿ ಚುರುಕು, ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳಿ ಮುಗಿಸುತ್ತದೆ. ಒಂದು ನರಕೋಶ ಇನ್ನೊಂದನ್ನು ಮುಟ್ಟುವುದೂ ಇಲ್ಲವಂತೆ, ನಡುವೆ ಸಂದು ಇರುತ್ತದೆ, ರಾಸಾಯನಿಕ ಆ ಸಂದನ್ನು ದಾಟುತ್ತದೆ. ಸಂದು ಎಷ್ಟು ಎಂದು ಕೇಳಿದೆ. ಮೈಕ್ರಾನಿನಲ್ಲಿ ಐವತ್ತನೇ ಒಂದು ಭಾಗ ಅಂದಳು. ನನ್ನ ಮೈಕ್ರೋಮೀಟರಿಗೆ ಅದು ಸಿಗುವುದಿಲ್ಲ. ಇನ್ನೊಂದು ದಾರಿ ಹಾರ್ಮೋನಿನದು. ಅದನ್ನು ಗ್ರಂಥಿಗಳು ರಕ್ತಕ್ಕೆ ಬಿಡುತ್ತವೆ, ಮೈಯೆಲ್ಲ ಸುತ್ತುತ್ತದೆ, ಯಾರಿಗೆ ಅದು ಕೇಳಿಸುತ್ತದೋ ಅವರೆಲ್ಲ ಆ ಮಾತಿನಂತೆ ನಡೆಯುತ್ತಾರೆ. ಹೇಳಿ ಕಳಿಸಿದವರು ಯಾರು ಎಂದು ವಿಚಾರಿಸುವುದಿಲ್ಲವೇ ಎಂದು ಕೇಳಿದೆ. ರಾಗಿಣಿ ಪುಸ್ತಕ ಬಿಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಏನೇ ಎಂದರೆ ಏನಿಲ್ಲ ಅಂದಳು.

ನವೆಂಬರ್ 22, ಶನಿವಾರ

ಮನೆಯಲ್ಲೂ ಏನೋ ನಡೆಯುತ್ತಿದೆ. ನಾನು ಸ್ನಾನ ಮಾಡಿ ಹೊರಗೆ ಬಂದರೆ ಅತ್ತೆ ಮೊಮ್ಮಗಳು ಮಾತು ನಿಲ್ಲಿಸುತ್ತಾರೆ. ರಾಗಿಣಿ ಫೋನಿನಲ್ಲಿ ನನ್ನ ಹಳೆಯ ಫೋಟೊ ತೆಗೆದು ಅತ್ತೆಗೆ ತೋರಿಸುತ್ತಿದ್ದಳು. ಬೆಳಗಿನ ಜಾವ ಎಚ್ಚರವಾದಾಗ ಅವಳು ನನ್ನ ಮಗ್ಗುಲಲ್ಲಿ ಕೂತಿದ್ದಳು, ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು. ಬಳೆ ತೆಗೆಯಲು ನೋಡುತ್ತಿದ್ದಳೇ? ಕೇಳಿದರೆ ಸೊಳ್ಳೆ ಇತ್ತು ಅಂದಳು. ಅಷ್ಟು ಸುಳ್ಳು ಎಲ್ಲಿ ಕಲಿತಳು.

ನವೆಂಬರ್ 27, ಗುರುವಾರ

ಊಟದ ಹೊತ್ತಿನಲ್ಲಿ ಶ್ರೀಶೈಲ ನನ್ನ ಹತ್ತಿರ ಬಂದ. ಯಾರೂ ಇರಲಿಲ್ಲ. "ಅಕ್ಕ, ಒಂದ್ ಮಾತು ಹೇಳ್ಬೇಕಿತ್ತು, ತಪ್ಪು ತಿಳ್ಕೋಬೇಡಿ" ಅಂದ. ಕಣ್ಣು ಮಾತ್ರ ನನ್ನ ಕೈಯ ಮೇಲೆ. ಒಪ್ಪಂದಕ್ಕೆ ಬಂದಿದ್ದಾನೆ, ಇಲ್ಲವೇ ಹೆದರಿಸಲು. ನಾನು ಮೈಕ್ರೋಮೀಟರನ್ನು ಎದೆಗೆ ಅವಚಿಕೊಂಡು ಊಟದ ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋದೆ.

ಮಧ್ಯಾಹ್ನ ಆರು ಕಡಿಮೆ ಬಂತು. ಆರು. ಸಾಧನವನ್ನೇ ನಂಬಲಾಗದಿರುವಾಗ ಮಧ್ಯಾಹ್ನದ ಯಾವುದನ್ನೂ ಪಾಸು ಮಾಡಲಾರೆ, ತಿರಸ್ಕರಿಸಿದವನ್ನು ಹಾಕುವ ಕೆಂಪು ಡಬ್ಬ ತುಂಬಿ ಎರಡನೆಯದು ಇಡಬೇಕಾಯಿತು. ಸಾರ್ ಬಂದು ಕೂಗಾಡಿದರು, ಲಾರಿ ಖಾಲಿ ನಿಂತಿದೆ, ಗಿರಾಕಿಗೆ ಏನು ಹೇಳಲಿ ಎಂದು. ನಾನು ಎಲ್ಲವನ್ನೂ ಹೇಳಿದೆ. ದಿನಾಂಕದ ಪ್ರಕಾರ ಹೇಳಿದೆ. ಬೆಳಗ್ಗೆ ಸೊನ್ನೆ, ಸಂಜೆ ಕಡಿಮೆ, ಮತ್ತೆ ಬೆಳಗ್ಗೆ ಸೊನ್ನೆ, ಬೀಗದ ಕೈ ಯಾರ ಹತ್ತಿರ ಎಂದು ಕೇಳಿದೆ. ಸಾರ್ ಎಂದೂ ನನ್ನ ಅಳತೆಯನ್ನು ಅನುಮಾನಿಸಿದವರಲ್ಲ. ಇವತ್ತೂ ಅನುಮಾನಿಸಲಿಲ್ಲ. ಬರೆಯುತ್ತಾ ಬರೆಯುತ್ತಾ ಪೆನ್ನು ಓಡುತ್ತಲೇ ಇದೆ, ಅಕ್ಷರ ನನಗೇ ಓದಲು ಬರುತ್ತಿಲ್ಲ, ಇರಲಿ, ಇನ್ನೂ ಹೇಳುವುದು ಬಹಳ ಇದೆ, ಕವನಾ ಒಂದು ಸ್ಟ್ಯಾಂಡ್ ತಂದು ಮೇಜಿನ ಮೇಲಿಟ್ಟಿದ್ದಾಳೆ, ಮೈಕ್ರೋಮೀಟರನ್ನು ಅದಕ್ಕೆ ಸಿಕ್ಕಿಸಿ ಅಳೆಯಬೇಕಂತೆ, ಪುಸ್ತಕದಲ್ಲಿ ಹಾಗಿದೆಯಂತೆ. ನನ್ನ ಕೈಯಿಂದ ಅದನ್ನು ಬಿಡಿಸಲು ಇವರು ಎಷ್ಟು ದಾರಿ ಹುಡುಕುತ್ತಾರೆ. ಸ್ಟ್ಯಾಂಡನ್ನು ಬೀರುವಿನ ಹಿಂದಕ್ಕೆ ತಳ್ಳಿದ್ದೇನೆ.

ನವೆಂಬರ್ 29, ಶನಿವಾರ

ಶ್ರೀಶೈಲನನ್ನು ಕಳಿಸಿಬಿಟ್ಟರು. ಒಂಬತ್ತು ವರ್ಷ ಕೆಲಸ ಮಾಡಿದವನು. ಬೀಗದ ಕೈ ಮೇಜಿನ ಮೇಲಿಟ್ಟ, ಅವನ ಎಣ್ಣೆ ಬಟ್ಟೆ ಮಡಚಿಕೊಂಡ, ಹೋಗುವಾಗ ಇನ್ನೊಂದು ಸಲ ನನ್ನ ಕೈ ನೋಡಿದ.

ಗೆದ್ದ ಹಾಗೆ ಅನ್ನಿಸಬೇಕಿತ್ತು.

ಡಿಸೆಂಬರ್ 3, ಬುಧವಾರ

ಗ್ರೈಂಡಿಂಗ್ ಮಷೀನಿನಲ್ಲಿ ಈಗ ಸಾರ್ ಅವರೇ ಕೂರುತ್ತಿದ್ದಾರೆ. ಬೀಗದ ಕೈ ಅವರದೇ ಜೇಬಿನಲ್ಲಿ. ಇವತ್ತು ಮಧ್ಯಾಹ್ನ ಐದು ಕಡಿಮೆ.

ಈಗ ಯಾರು?

ಡಿಸೆಂಬರ್ 6, ಶನಿವಾರ

ರಾಗಿಣಿ ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿದ್ದ ಅವಳ ಹಳೆಯ ಬ್ಯಾಗಿನ ಅಡಿಯಲ್ಲಿದ್ದ ಚಿಕ್ಕ ಪುಸ್ತಕ ತೆಗೆದು ನೋಡಿದೆ. ತಪ್ಪು ಅಂತ ಗೊತ್ತು. ಆದರೆ ಮನೆಯೊಳಗೂ ಕಣ್ಣಿಡದಿದ್ದರೆ ಆಗುವುದಿಲ್ಲ.

ಪುಟದ ತುಂಬ ದಿನಾಂಕ, ಪಕ್ಕದಲ್ಲಿ ಸಂಖ್ಯೆ. 104. 110. 108. 116. 118. ಯಾವ ಹುಡುಗನ ಜೊತೆಗಿನ ಗುಟ್ಟಿನ ಲೆಕ್ಕವೋ ಎಂದು ಕೈಕಾಲು ತಣ್ಣಗಾಗಬೇಕಿತ್ತು, ಇನ್ನಷ್ಟು ಬೆವರಿತು. ಅಳತೆ ಬರೆಯುವ ಕ್ರಮ ನೋಡಿದರೆ ಅದು ಅಳತೆಯೇ. ಒಂದೂ ದಿನ ತಪ್ಪಿಸಿಲ್ಲ. ಯೂನಿಟ್ ಮಾತ್ರ ಬರೆದಿಲ್ಲ.

ಸಂಜೆ ಅವಳ ಮುಂದೆ ಪುಸ್ತಕ ಎಸೆದು ಇದೇನು ಅಂದೆ. ಅವಳು ಹೆದರಲಿಲ್ಲ. ಅತ್ತು ಬಿಟ್ಟಳು.

"ಅಮ್ಮ, ಅದು ನಿನ್ನ ನಾಡಿ. ನೀನು ನಿದ್ದೆ ಮಾಡೋವಾಗ ಎಣಿಸಿರೋದು. ನಿದ್ದೇಲಿ ನೂರಾ ಹದಿನೆಂಟು ಬರಬಾರದಮ್ಮ. ಆಸ್ಪತ್ರೆಗೆ ಹೋಗೋಣ ಅಂದ್ರೆ ನೀನು ನಮ್ಮ ಮೇಲೇ ಅನುಮಾನ ಪಡ್ತೀಯ ಅಂತ ಅಜ್ಜಿ ಹೆದರಿಸಿದ್ರು."

ಹೋದ ವರ್ಷದ ಫೋಟೊ ಮತ್ತು ಈ ವರ್ಷದ ದೀಪಾವಳಿಯ ಫೋಟೊ ಪಕ್ಕಪಕ್ಕ ಹಿಡಿದು ತೋರಿಸಿದಳು. ಈ ವರ್ಷದ್ದರಲ್ಲಿ ನನ್ನ ಕಣ್ಣು ಯಾರನ್ನೋ ಹಿಡಿದುಹಾಕಿದ ಹಾಗೆ ಅಗಲವಾಗಿ ಮುಂದಕ್ಕೆ ಬಂದಿದೆ. ಕನ್ನಡಿಯಲ್ಲಿ ದಿನಾ ನೋಡಿಕೊಳ್ಳುತ್ತೇನೆ, ನನಗೆ ಕಾಣಿಸಿರಲಿಲ್ಲ. ಹದಿನೇಳು ವರ್ಷದ ಮಗು ಬೆಳಗಿನ ಜಾವ ಎದ್ದು ಕೂತು ಎಣಿಸಿದೆ. ನಾನು ಬಳೆ ಕದಿಯುತ್ತಾಳೆ ಎಂದುಕೊಂಡೆ. ಮುಖ ಎತ್ತಲಾಗಲಿಲ್ಲ.

ಡಿಸೆಂಬರ್ 9, ಮಂಗಳವಾರ

ನಿನ್ನೆ ಬಸವೇಶ್ವರನಗರದ ಒಬ್ಬ ಡಾಕ್ಟರಮ್ಮನಿಗೆ ತೋರಿಸಿ ರಕ್ತ ಕೊಟ್ಟು ಬಂದಿದ್ದೆವು. ಇವತ್ತು ರಿಪೋರ್ಟ್ ನೋಡಿದರು. ಎರಡೂ ಕೈ ಮುಂದೆ ಚಾಚಿ ಎಂದರು. ಚಾಚಿದ ಬೆರಳಿನ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆಯ ಅಂಚು ಪಟಪಟ ನಡುಗಿತು. ಫ್ಯಾನು ಹಾಕಿದ್ದೀರಿ ಎಂದೆ. ಹಾಕಿಲ್ಲ ಎಂದು ಮೇಲೆ ತೋರಿಸಿದರು. ನಾನು ತುಂಬ ಹೊತ್ತು ಆ ಹಾಳೆಯನ್ನೇ ನೋಡಿದೆ.

ಥೈರಾಯ್ಡ್ ಹೆಚ್ಚಾಗಿದೆಯಂತೆ. ಮೆದುಳಿನ ಕೆಳಗಿನ ಒಂದು ಗ್ರಂಥಿ ಕತ್ತಿನ ಗ್ರಂಥಿಗೆ ಕೆಲಸ ಮಾಡು ಎಂದು ರಕ್ತದಲ್ಲಿ ಹೇಳಿ ಕಳಿಸಬೇಕು. ನನ್ನಲ್ಲಿ ಅದು ಸಾಕು ಸಾಕು ಎಂದು ಯಾವಾಗಲೋ ಬಾಯಿ ಮುಚ್ಚಿಕೊಂಡಿದೆ. ಆದರೆ ಇನ್ಯಾರೋ ಅದರ ಹೆಸರಿನಲ್ಲಿ ಸುಳ್ಳು ಹೇಳಿ ಕಳಿಸುತ್ತಿದ್ದಾರೆ, ಥೈರಾಯ್ಡ್ ಅದನ್ನೇ ನಂಬಿ ಓಡುತ್ತಲೇ ಇದೆ. ಯಾರು ಅಂಥ ಕೆಲಸ ಮಾಡುವವರು ಎಂದೆ.

"ನಿಮ್ಮ ಮೈ ಕಾವಲಿಗೆ ಇರೋವ್ರೇ ಕಣಮ್ಮ. ರೋಗಾಣು ಹಿಡೀಬೇಕಾದವರು ತಪ್ಪು ತಿಳ್ಕೊಂಡು ಮನೆಯವರ ಮೇಲೇ ಬಿದ್ದಿದಾರೆ."

ಹಸಿವು, ಇಳಿದ ಮೈ, ತೊಡೆ ಸೋಲುವುದು, ಎದೆ ಬಡಿತ, ಸೆಕೆ, ನಡುಕ, ಎಲ್ಲಕ್ಕೂ ಅದೇ ಕಾರಣವಂತೆ. ಸಿಟ್ಟು ಅನುಮಾನಕ್ಕೂ ಅದೇನಾ ಎಂದು ಕೇಳಿದೆ. ಅದರಿಂದಲೂ ಹೆಚ್ಚಬಹುದು, ಎಲ್ಲವನ್ನೂ ಅದರ ತಲೆಗೆ ಕಟ್ಟಲು ಬರುವುದಿಲ್ಲ ಎಂದರು. ಎಷ್ಟು ಭಾಗ ಅದರದು, ಎಷ್ಟು ಭಾಗ ನನ್ನದು ಎಂದು ಅಳೆಯುವ ಸಾಧನ ಅವರ ಹತ್ತಿರವೂ ಇಲ್ಲ.

ಏಳುವಾಗ ನನ್ನ ಅಂಗೈ ಹಿಡಿದುಕೊಂಡು "ನೋಡಿ, ಎಷ್ಟು ಬಿಸಿ" ಅಂದರು. ಮಾತ್ರೆಯ ಚೀಟಿ ಅವರ ಕೈಯಲ್ಲೇ ಇತ್ತು, ನಾನು ತೆಗೆದುಕೊಳ್ಳುವುದನ್ನು ಮರೆತು ನಿಂತೆ. ಬೈರಯ್ಯ ಮೇಸ್ತ್ರಿ ಬೈಯುತ್ತಿದ್ದದ್ದು ಇದಕ್ಕೆ. ಕೈ ಬಿಸಿ ತಾಗಿದರೆ ಮೈಕ್ರೋಮೀಟರಿನ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿ ಬಾಯಿ ಅಗಲವಾದ ಮೈಕ್ರೋಮೀಟರು ಎಲ್ಲವನ್ನೂ ಕಡಿಮೆ ತೋರಿಸುತ್ತದೆ. ಬೀರುವಿನಲ್ಲಿ ರಾತ್ರಿಯೆಲ್ಲ ತಣ್ಣಗಾದರೆ ಬೆಳಗ್ಗೆ ಮತ್ತೆ ಸೊನ್ನೆ. ಹದಿನಾರು ವರ್ಷದಲ್ಲಿ ನಾನೇ ಎಷ್ಟು ಜನಕ್ಕೆ ಇದನ್ನು ಹೇಳಿಕೊಟ್ಟಿದ್ದೇನೆ.

ಡಿಸೆಂಬರ್ 10, ಬುಧವಾರ

ಬೀರುವಿನ ಹಿಂದಿನಿಂದ ಸ್ಟ್ಯಾಂಡ್ ತೆಗೆದೆ. ಕೈ ತಾಗಿಸದೆ, ಬಟ್ಟೆಯಲ್ಲಿ ಹಿಡಿದು, ಎರಡು ಕೆಂಪು ಡಬ್ಬದ ಸ್ಲೀವುಗಳನ್ನು ಮತ್ತೆ ಅಳೆದೆ. ಕವನಾ ಒಂದೊಂದಾಗಿ ಎತ್ತಿಕೊಟ್ಟಳು. ನಾನೂರ ಹನ್ನೆರಡು ಸ್ಲೀವು. ನಾನೂರ ಆರು ಸರಿ ಇವೆ.

ಸಾರ್ ಮುಂದೆ ನಿಂತು ಹೇಳಿದೆ. "ನೀನು ಹೇಳಿದ್ದಕ್ಕೆ ತಾನೇ ಅವನನ್ನ ಕಳಿಸಿದ್ದು" ಅಂದರು. ಹೌದು ಸಾರ್ ಅಂದೆ. ರಿಜೆಕ್ಷನ್ ಚೀಟಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ "ಪರೀಕ್ಷಕಿಯ ಕೈ ಬಿಸಿ ಮತ್ತು ನಡುಕ, ಸ್ಲೀವಿನ ತಪ್ಪಲ್ಲ" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಸಹಿಯೂ ನಡುಗಿದೆ. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಇನ್ನೂ ಹೇಳಿಲ್ಲ. ಶ್ರೀಶೈಲ ಒಪ್ಪಿ ಬಂದರೆ ಆಮೇಲೆ ನೋಡೋಣ ಅಂದರು.

ಡಿಸೆಂಬರ್ 14, ಭಾನುವಾರ

ರಾಗಿಣಿಯನ್ನು ಕರೆದುಕೊಂಡು ನಾಯಂಡಹಳ್ಳಿಗೆ ಹೋದೆ. ಶ್ರೀಶೈಲ ಅಲ್ಲಿಯ ಒಂದು ಗೋಡೌನಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದ್ದಾನೆ. ಮೈಕ್ರಾನ್ ಹಿಡಿಯುವ ಕೈ. ಅವನ ತಾಯಿ ಹನುಮವ್ವ ಚಹಾ ತಂದುಕೊಟ್ಟರು, ಅವರ ಕೈಯೂ ಅದುರುತ್ತದೆ, ವಯಸ್ಸಿನ ನರದ ತೊಂದರೆ. ಚಹಾ ತಟ್ಟೆಗೆ ಚೆಲ್ಲಿತು. ಅವನು ಬಗ್ಗಿ ಒರೆಸಿದ.

ನಾನು ತಪ್ಪಾಯಿತು ಎಂದೆ. ರಿಪೋರ್ಟ್ ತೋರಿಸಿದೆ. ಅವನು ಅದನ್ನು ನೋಡಲಿಲ್ಲ.

"ನಿಮ್ಮ ಕೈ ನಡುಗ್ತಾ ಇರೋದು ದೀಪಾವಳಿಯಿಂದ ನೋಡ್ತಾ ಇದೀನಿ ಅಕ್ಕ. ನಮ್ಮವ್ವಂಗೆ ಶುರುವಾಗಿದ್ದು ಹಂಗೇ. ಸಾರ್‌ಗೆ ಹೇಳಿದ್ರೆ ಚೆಕ್ಕಿಂಗ್ ಮೇಜಿಂದ ಎಬ್ಬಿಸಿ ನಿಮ್ಮನ್ನ ಮನೆಗೆ ಕಳಿಸ್ತಾರೆ, ಮಗಳು ಓದ್ತಾ ಇದಾಳೆ ಅಂತ ಸುಮ್ನಿದ್ದೆ."

"ನನಗಾದ್ರೂ ಹೇಳ್ಬೋದಿತ್ತಲ್ಲಪ್ಪ."

"ಹೇಳಕ್ಕೆ ಬಂದಿದ್ದೆ. ನೀವು ಊಟ ಬಿಟ್ಟು ಎದ್ದೋದ್ರಿ."

ರಾಗಿಣಿ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ನಾನು ಅಲ್ಲೇ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ವಾಪಸ್ಸು ಬರುತ್ತೀಯಾ ಎಂದು ಕೇಳಿದೆ. ಯೋಚನೆ ಮಾಡ್ತೀನಿ ಅಂದ.

ಡಿಸೆಂಬರ್ 22, ಸೋಮವಾರ

ನಾಡಿ 88. ಈಗ ರಾಗಿಣಿ ಎದುರಿಗೇ ಕೂತು ಎಣಿಸುತ್ತಾಳೆ. ಪಕ್ಕದಲ್ಲಿ "ನಿಮಿಷಕ್ಕೆ" ಎಂದು ಬರೆಸಿದೆ. ಶ್ರೀಶೈಲನಿಂದ ಸುದ್ದಿಯಿಲ್ಲ.

ಜನವರಿ 5, 2026, ಸೋಮವಾರ

ಬರೆಯಲು ಹೆಚ್ಚು ತೋಚುತ್ತಿಲ್ಲ. ಬೆಳಗ್ಗೆ ಚಳಿ, ಸ್ವೆಟರ್ ಹಾಕಿಕೊಂಡು ಹೋದೆ. ಅತ್ತೆ ಯಾಕೋ ನನ್ನನ್ನು ನೋಡಿ ನಕ್ಕರು.

ವರ್ಕ್‌ಶಾಪಿನ ಬಾಗಿಲು ತೆಗೆದಿತ್ತು. ಗ್ರೈಂಡಿಂಗ್ ಮಷೀನಿನ ಮುಂದೆ ಶ್ರೀಶೈಲ. ಬೀಗದ ಕೈ ಅವನಿಗೇ ಕೊಟ್ಟಿದ್ದಾರೆ. ನನ್ನ ಮೇಜಿಗೆ ಎರಡನೇ ಕುರ್ಚಿ ಬಂದಿದೆ, ಕವನಾಳದು. ಸದ್ಯ ಇಬ್ಬರೂ ಇರಿ ಎಂದಿದ್ದಾರೆ ಸಾರ್.

ಹತ್ತು ಗಂಟೆಗೆ ಶ್ರೀಶೈಲ ಮೊದಲ ಟ್ರೇ ತಂದಿಟ್ಟ. ಸ್ಟ್ಯಾಂಡಿನಲ್ಲಿ ಇಟ್ಟು ಅಳೆದೆ, ಸರಿ ಇತ್ತು, ಸರಿ ಇದೆ ಎಂದೆ. ಅವನು ನನ್ನ ಕೈ ನೋಡಲಿಲ್ಲ. ಜೇಬಿನಿಂದ ತನ್ನ ಮೈಕ್ರೋಮೀಟರು ತೆಗೆದು, ನಾನು ಅಳೆದ ಅದೇ ಸ್ಲೀವನ್ನು ನನ್ನ ಎದುರಿಗೇ ಇನ್ನೊಂದು ಸಲ ಅಳೆದ. ಎರಡನೆಯದನ್ನೂ ಅಳೆದ. ಮೂರನೆಯದನ್ನೂ.

ನಾನು ನಾಲ್ಕನೆಯದನ್ನು ಎತ್ತಿ ಅವನ ಕಡೆಗೆ ಸರಿಸಿದೆ.